ರಂಗವೇರಿದವರ ಮಾನ

ಕಂಪೆನಿ ನಾಟಕಗಳ ವೈಭವದ ದಿನಗಳಲ್ಲಿ ಆಟ ನೋಡಿ ಬಂದವರ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ಕಥೆಯದಲ್ಲ, ಸೀನುಗಳದು. ಅರಮನೆಯ ಸೀನು, ಬೀದಿಯ ಸೀನು, ಕಾಡಿನ ಸೀನು ಎಂಬ ಮೂರು ಪರದೆಗಳಿದ್ದರೆ ಬಡ ಕಂಪೆನಿಯೂ ಧೈರ್ಯವಾಗಿ ಊರೂರು ತಿರುಗಬಹುದಾಗಿತ್ತು. ಬಣ್ಣದ ಪರದೆಗೆ ಹೆಸರಾಗಿದ್ದ ಈ ಶಬ್ದ ನಾಟಕದ ದೃಶ್ಯಕ್ಕೂ ಸಿನಿಮಾದ ದೃಶ್ಯಕ್ಕೂ ಸಂದು, ಈಗ ನಾಲ್ಕು ಜನರೆದುರು ರಂಪ ಮಾಡುವ ಮಗುವನ್ನು ‘ಸೀನು ಮಾಡಬೇಡ’ ಎಂದು ತಾಯಿ ಗದರುವವರೆಗೆ ಬಂದು ನಿಂತಿದೆ. ಹೀಗೆ ಮನೆಯೊಳಕ್ಕೆ ಬಂದು ಕುಳಿತ ಅತಿಥಿಯ ಪೂರ್ವಾಶ್ರಮವನ್ನು ವಿಚಾರಿಸಹೊರಟರೆ, ಇಂಗ್ಲಿಷು ಫ್ರೆಂಚುಗಳನ್ನು ದಾಟಿ, ಎರಡು ಸಾವಿರ ವರ್ಷಗಳ ಹಿಂದಿನ ರೋಮ್ ನಗರಕ್ಕೆ ಹೋಗಬೇಕಾಗುತ್ತದೆ. ಅಲ್ಲಿನ ಲ್ಯಾಟಿನ್ ಭಾಷೆಯಲ್ಲಿ ಅದರ ಹೆಸರು ‘ಸ್ಕೈನ’.

ಶಬ್ದ ಮೂಲತಃ ರೋಮನ್ನರದೂ ಅಲ್ಲ. ಗ್ರೀಕಿನ ‘ಸ್ಕೇನೆ’ ಎಂದರೆ ಡೇರೆ, ಗುಡಾರ. ಸಂತ ಪೌಲನ ಕಸುಬು ಡೇರೆ ಮಾಡುವುದಾಗಿತ್ತೆಂದು ಹೇಳುವಲ್ಲಿ ಬೈಬಲ್ಲಿನ ಗ್ರೀಕ್ ಮೂಲ ಬಳಸಿರುವುದೂ ಈ ಶಬ್ದದಿಂದ ಹುಟ್ಟಿದ ಪದವನ್ನೇ. ಅಥೆನ್ಸಿನಲ್ಲಿ ಆಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಡಯೊನೈಸಸ್ ದೇವರ ಉತ್ಸವಕ್ಕೆ ನಾಟಕಗಳನ್ನಾಡುತ್ತಿದ್ದಾಗ, ಕುಣಿತದ ಕಣದ ಹಿಂದೆ ನಟರು ವೇಷ ಬದಲಿಸುವುದಕ್ಕೆ ಒಂದು ಮರೆ ಬೇಕಾಯಿತು. ಯಕ್ಷಗಾನದವರು ಚೌಕಿ ಎನ್ನುವರಲ್ಲವೆ, ಅಂಥದು. ಆ ಮರೆಗೆ ಬಾಗಿಲಿದ್ದಿತು. ಬಾಗಿಲಿದ್ದ ಮೇಲೆ ಅದು ಯಾರದೋ ಮನೆಯಾಗಲೇಬೇಕು. ಕ್ರಿ. ಪೂ. ೪೫೮ರಲ್ಲಿ ಈಸ್ಕಿಲಸನ ‘ಒರೆಸ್ಟಿಯ’ ನಾಟಕಗಳು ಪ್ರದರ್ಶಿತವಾದಾಗ ಅದು ಅರಮನೆಯಾಗಿತ್ತು. ರಾಣಿ ಆ ಬಾಗಿಲಿಂದಲೇ ಬಂದು ಗಂಡನನ್ನು ಒಳಗೆ ಕರೆದೊಯ್ದಳು. ಅವನ ಶವ ಕಣ್ಣಿಗೆ ಬಿದ್ದುದೂ ಅದೇ ಬಾಗಿಲಲ್ಲಿ.

ರೋಮನ್ನರಿಗೆ ಈ ಶಬ್ದ ಗ್ರೀಕರಿಂದ ನೇರವಾಗಿ ದೊರೆಯದೆ, ನಡುವೆ ಎಟ್ರುಸ್ಕನ್ ಎಂಬ ನೆರೆಯ ಜನರ ಬಾಯಲ್ಲಿ ಹೊರಳಿ ಬಂದಿತೆಂದು ಭಾಷಾಶಾಸ್ತ್ರಜ್ಞರಲ್ಲಿ ಹಲವರ ಊಹೆ. ಇತಿಹಾಸಕಾರ ಲಿವಿ ಹೇಳುವ ಸಂಗತಿ ಈ ಊಹೆಗೆ ಹೊಂದುತ್ತದೆ. ಕ್ರಿ. ಪೂ. ೩೬೪ರಲ್ಲಿ ರೋಮಿನಲ್ಲಿ ಹಬ್ಬಿದ ಪಿಡುಗು ಯಾವ ಉಪಾಯಕ್ಕೂ ಇಳಿಯದಿರಲು, ದೇವತೆಗಳನ್ನು ಒಲಿಸುವುದಕ್ಕೆಂದು ಎಟ್ರೂರಿಯದಿಂದ ಕುಣಿಯುವವರನ್ನು ಕರೆಸಿದರಂತೆ. ರೋಮಿನ ರಂಗದಾಟಗಳಿಗೆ ಅದೇ ಮೊದಲು. ಕಥೆಯುಳ್ಳ ನಾಟಕವನ್ನು ತಂದವನು ಲಿವಿಯಸ್ ಆಂಡ್ರೊನಿಕಸ್, ಕ್ರಿ. ಪೂ. ೨೪೦ರಲ್ಲಿ. ಅವನು ಹಾಡಿ ಹಾಡಿ ಗಂಟಲು ಕಟ್ಟಿದಾಗ, ಕೊಳಲಿನವನ ಮುಂದೆ ಹುಡುಗನೊಬ್ಬನನ್ನು ಹಾಡಲು ನಿಲ್ಲಿಸಿ, ತಾನು ಅಭಿನಯವನ್ನಷ್ಟೇ ಮಾಡಿದನೆಂದು ಲಿವಿಯ ಬರಹ. ಭಾಗವತರ ಹಾಡಿಗೆ ಹೆಜ್ಜೆ ಹಾಕುವ ವೇಷಗಳನ್ನು ಕಂಡ ಕರಾವಳಿಯವರಿಗೆ ಇದೇನೂ ಸೋಜಿಗವೆನಿಸದು.

ಆಟಗಳನ್ನು ಪ್ರೀತಿಸಿದ ರೋಮನ್ನರು ರಂಗವನ್ನು ಮಾತ್ರ ನಂಬಲಿಲ್ಲ. ಬಹುಕಾಲ ಅವರ ಸ್ಕೈನ ಉತ್ಸವಕ್ಕೆ ಎದ್ದು ಉತ್ಸವ ಮುಗಿಯುತ್ತಲೇ ಕಳಚಿಹೋಗುವ ಮರದ ಕಟ್ಟಣೆಯಾಗಿತ್ತು. ಕ್ರಿ. ಪೂ. ೧೫೪ರ ಸುಮಾರಿನಲ್ಲಿ ಕಲ್ಲಿನ ರಂಗಮಂದಿರವೊಂದು ಮೇಲೇಳುತ್ತಿದ್ದಾಗ, ಇದು ಜನರ ನಡತೆಯನ್ನು ಕೆಡಿಸುವುದೆಂದು ಸ್ಕಿಪಿಯೊ ನಾಸಿಕನೆಂಬ ಹಿರಿಯ ವಾದಿಸಿ, ಸೆನೆಟಿನ ಅಪ್ಪಣೆಯಿಂದ ಅದನ್ನು ಕೆಡವಿಸಿದನು. ಕ್ರಿ. ಪೂ. ೫೮ರಲ್ಲಿ ಸ್ಕಾರಸ್ ಎಂಬ ಅಧಿಕಾರಿ ಕೆಲವು ದಿನಗಳ ಆಟಕ್ಕಾಗಿ ಮೂರು ಅಂತಸ್ತಿನ ಸ್ಕೈನವನ್ನು ಎತ್ತಿಸಿದ. ೩೬೦ ಕಂಬಗಳು, ೩,೦೦೦ ಕಂಚಿನ ಪ್ರತಿಮೆಗಳು, ಕೆಳಗಿನ ಅಂತಸ್ತು ಅಮೃತಶಿಲೆ, ನಡುವಿನದು ಗಾಜು, ಮೇಲಿನದು ಚಿನ್ನದ ಲೇಪ ಎಂದು ಪ್ಲಿನಿ ಲೆಕ್ಕ ಕೊಡುತ್ತಾನೆ. ಪ್ಲಿನಿಯ ಲೆಕ್ಕಗಳನ್ನು ಸ್ವಲ್ಪ ಕಡಿತಮಾಡಿ ಓದುವುದು ಕ್ಷೇಮ. ಮೂರು ವರ್ಷಗಳ ತರುವಾಯ, ಕ್ರಿ. ಪೂ. ೫೫ರಲ್ಲಿ, ಪಾಂಪೆ ರೋಮಿನ ಮೊದಲ ಶಾಶ್ವತ ರಂಗಮಂದಿರವನ್ನು ಕಲ್ಲಿನಲ್ಲಿ ಕಟ್ಟಿಸಿದನು. ಅವನೂ ಆಕ್ಷೇಪಕ್ಕೆ ಅಂಜಿ, ಆಸನಗಳ ತುತ್ತತುದಿಯಲ್ಲಿ ವೀನಸ್ ದೇವಿಗೊಂದು ಗುಡಿಯನ್ನಿರಿಸಿ, ಮೆಟ್ಟಿಲುಗಳೆಲ್ಲ ಗುಡಿಯ ಸೋಪಾನಗಳೆಂದು ಹೇಳಿಕೊಳ್ಳಬೇಕಾಯಿತು!

ಆ ಮಂದಿರದ ಬಾಗು ರೋಮಿನ ಒಂದು ಓಣಿಯ ಮನೆಗಳ ಸಾಲಿನಲ್ಲಿ ಇಂದಿಗೂ ಉಳಿದಿದೆ. ಸ್ಕೈನದ ಪೂರ್ಣರೂಪವನ್ನು ಕಾಣಬೇಕಾದರೆ ಫ್ರಾನ್ಸಿನ ಒರಾಂಜ್ ಪಟ್ಟಣಕ್ಕೆ ಹೋಗಬೇಕು. ಅಲ್ಲಿ ೧೦೩ ಮೀಟರು ಉದ್ದದ, ೩೭ ಮೀಟರು ಎತ್ತರದ ರಂಗದ ಹಿಂಗೋಡೆ ಇನ್ನೂ ನಿಂತಿದೆ. ಈ ಗೋಡೆಯೇ ಮೊದಲಿಗೆ ‘ಸ್ಕೈನ’. ಬಳಿಕ ಅದರ ಮುಂದಣ ಹಲಗೆಯ ನೆಲ, ಆಮೇಲೆ ಹಿನ್ನೆಲೆಯ ಚಿತ್ರ, ಕೊನೆಗೆ ನಾಟಕವೃತ್ತಿ ಎಲ್ಲವೂ ಆ ಹೆಸರಿನಡಿ ಬಂದುವು. ವಾಸ್ತುಶಿಲ್ಪಿ ವಿಟ್ರೂವಿಯಸನ ಗ್ರಂಥದಲ್ಲಿ ಹಿನ್ನೆಲೆಗಳು ಮೂರು ಬಗೆ: ದುರಂತ ನಾಟಕಕ್ಕೆ ಕಂಬ, ಪ್ರತಿಮೆಗಳ ರಾಜಭವನ, ಹರ್ಷನಾಟಕಕ್ಕೆ ಕಿಟಕಿ, ಮೊಗಸಾಲೆಗಳ ಸಾಮಾನ್ಯ ಮನೆಗಳು, ವನದೇವತೆಗಳ ವಿನೋದನಾಟಕಕ್ಕೆ ಮರ, ಗವಿ, ಬೆಟ್ಟಗಳು. ಅರಮನೆ, ಬೀದಿ, ಕಾಡು! ಕನ್ನಡ ಕಂಪೆನಿಗಳ ಪರದೆ ಬರೆದವರು ವಿಟ್ರೂವಿಯಸನನ್ನು ಓದಿದವರಲ್ಲ. ಆದರೆ ಅವರು ನೋಡಿ ಕಲಿತ ಯುರೋಪಿನ ಮಾದರಿಗಳ ಹಿಂದೆ ಅವನ ನೆರಳಿದ್ದಿತು.

ಕವಿಗಳೂ ಭಾಷಣಕಾರರೂ ಈ ಶಬ್ದವನ್ನು ರಂಗದಿಂದ ಹೊರಗೆ ಎಳೆದು ತಂದರು. ವರ್ಜಿಲನ ಮಹಾಕಾವ್ಯದಲ್ಲಿ ಬಿರುಗಾಳಿಗೆ ಸಿಕ್ಕ ಹಡಗುಗಳು ಸೇರುವ ಬಂದರಿನ ಹಿಂದೆ ಮಿನುಗುವ ಕಾಡೇ ಒಂದು ಸ್ಕೈನ. ಸಿಸೆರೋನಿಗೆ ಜನಸಭೆಯೇ ಭಾಷಣಕಾರನ ಸ್ಕೈನ. ಲೋಕದ ಕಣ್ಣೆದುರು ನಡೆಯಬೇಕಾದ ಬಾಳಿಗೂ ಅವನು ಅದೇ ಶಬ್ದವನ್ನು ಬಳಸಿದ್ದಾನೆ. ವಿದ್ವಾಂಸ ವಾರೊ ಮಾತ್ರ ಬೇರೊಂದು ದಾರಿ ಹಿಡಿದನು. ಅಶ್ಲೀಲವೆಂಬರ್ಥದ ಲ್ಯಾಟಿನ್ ಶಬ್ದವೂ ಸ್ಕೈನದಿಂದಲೇ ಹುಟ್ಟಿತೆಂದೂ, ರಂಗದ ಮೇಲಲ್ಲದೆ ಬಹಿರಂಗವಾಗಿ ಆಡಬಾರದ ಮಾತೇ ಅಶ್ಲೀಲವೆಂದೂ ಅವನ ವಿವರಣೆ. ಇಂದಿನ ಪಂಡಿತರು ಈ ವ್ಯುತ್ಪತ್ತಿಯನ್ನು ಒಪ್ಪುವುದಿಲ್ಲ. ಶಬ್ದಶಾಸ್ತ್ರವಾಗಿ ಅದು ತಪ್ಪಿರಬಹುದು, ಆದರೆ ರೋಮಿನ ಮರ್ಯಾದಸ್ಥರು ರಂಗದ ವಿಷಯದಲ್ಲಿ ಏನೆಂದುಕೊಂಡಿದ್ದರೆಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಅವರು ಅಂದುಕೊಂಡುದನ್ನೇ ಅವರ ಕಾನೂನೂ ಹೇಳುತ್ತಿತ್ತು. ಅಭಿನಯಕ್ಕಾಗಿ ಸ್ಕೈನವನ್ನೇರಿದವನು ಅಪಕೀರ್ತನು ಎಂದು ನ್ಯಾಯಾಧಿಕಾರಿಯ ಶಾಸನ ಸಾರುತ್ತಿತ್ತು. ಅಂಥವನು ಪರರ ಪರವಾಗಿ ನ್ಯಾಯಸ್ಥಾನದಲ್ಲಿ ನಿಲ್ಲುವಂತಿಲ್ಲ, ಊರಿನ ಅಧಿಕಾರಕ್ಕೆ ನಿಲ್ಲುವಂತಿಲ್ಲ. ಹಾಗಾದರೆ ‘ಸ್ಕೈನ’ ಎಂದರೇನು? ಪ್ರಶ್ನೆ ಈಗ ನಿಘಂಟುಕಾರನದಲ್ಲ, ವಕೀಲನದು. ಆಗಸ್ಟಸ್ ಚಕ್ರವರ್ತಿಯ ಕಾಲದ ಲಾಬಿಯೊ ಎಂಬ ನ್ಯಾಯಶಾಸ್ತ್ರಜ್ಞ ಅದಕ್ಕೆ ಉತ್ತರ ಕೊಟ್ಟನು: ತನ್ನನ್ನು ನೋಟವಾಗಿ ಒಡ್ಡಿಕೊಳ್ಳುವವನು ನಿಲ್ಲುವ, ಚಲಿಸುವ ಯಾವುದೇ ಸ್ಥಳ ಸ್ಕೈನ, ಅದು ಸರಕಾರದ ಜಾಗವಾಗಲಿ, ಸ್ವಂತದ್ದಾಗಲಿ, ಬೀದಿಯಾಗಲಿ, ನೋಡಲು ಬರುವ ಜನರಿಗೆ ತೆರೆದಿದ್ದರೆ ಸಾಕು. ಗೋಡೆಯೂ ಬೇಡ, ಹಲಗೆಯೂ ಬೇಡ. ರಂಗದ ಇಷ್ಟು ನಿಖರವಾದ ಲಕ್ಷಣವನ್ನು ನಾಟ್ಯಮೀಮಾಂಸಕರೂ ಬರೆದಿರಲಾರರು; ಬರೆದದ್ದು ಮಾತ್ರ ನಟನ ಮಾನವನ್ನು ಕಳೆಯುವುದಕ್ಕೆ. ಇದನ್ನೋದಿ ಭಾರತೀಯರು ಬೀಗಬೇಕಾಗಿಲ್ಲ. ಸಾಕ್ಷಿ ನುಡಿಯಲು ಕರೆಯಬಾರದವರ ಸಾಲಿನಲ್ಲಿ ಮನುಸ್ಮೃತಿಯೂ ಕುಶೀಲವರನ್ನು, ಎಂದರೆ ನಟರನ್ನು, ಸೇರಿಸಿದೆ.

ಕಾನೂನು ಹೀಗಿದ್ದರೂ ಕಲೆಗೆ ಮನಸೋಲದವರು ಯಾರು? ರೋಷಿಯಸ್ ಎಂಬ ಮಹಾನಟನಿಗೆ ಸರ್ವಾಧಿಕಾರಿ ಸುಲ್ಲನು ನೈಟರ ಅಂತಸ್ತಿನ ಗುರುತಾದ ಚಿನ್ನದ ಉಂಗುರವನ್ನಿತ್ತನು. ಸಿಸೆರೋ ಅವನ ಗೆಳೆಯ. ಒಂದೇ ಭಾವವನ್ನು ಸಿಸೆರೋ ಮಾತಿನಿಂದ, ರೋಷಿಯಸ್ ಅಭಿನಯದಿಂದ ಎಷ್ಟೆಷ್ಟು ಬಗೆಯಲ್ಲಿ ತೋರಬಲ್ಲರೆಂದು ಇಬ್ಬರೂ ಪಂಥ ಕಟ್ಟುತ್ತಿದ್ದರಂತೆ. ಆದರೂ ನ್ಯಾಯಸ್ಥಾನದಲ್ಲಿ ಈ ಗೆಳೆಯನನ್ನು ಹೊಗಳುವಾಗ ಸಿಸೆರೋನ ನಾಲಗೆ ಎರಡು ದಿಕ್ಕಿಗೆ ಹೊರಳಿತು: ಕಲಾವಿದನಾಗಿ ರಂಗದ ಮೇಲೆ ಕಾಣಲು ಯೋಗ್ಯನಾದವನು ಇವನೊಬ್ಬನೇ, ಮನುಷ್ಯನಾಗಿ ಅಲ್ಲಿಗೆ ಕಾಲಿಡಬಾರದಷ್ಟು ಯೋಗ್ಯನೂ ಇವನೊಬ್ಬನೇ. ಹೊಗಳಿಕೆಯಾದರೂ ರೋಷಿಯಸ್ ಅದನ್ನು ಕೇಳಿ ಸಂತೋಷಪಟ್ಟಿರುವನೆನ್ನುವುದು ಕಷ್ಟ.

ಇದೆಲ್ಲದರ ಕಹಿಯನ್ನು ಒಂದೇ ದಿನದಲ್ಲಿ ಉಂಡವನು ಡೆಸಿಮಸ್ ಲಬೇರಿಯಸ್. ‘ಮೈಮ್’ ಎಂಬ ಹಾಸ್ಯರೂಪಕಗಳನ್ನು ಬರೆಯುವುದರಲ್ಲಿ ಅವನು ಪ್ರಸಿದ್ಧ. ಬರೆಯುವುದಕ್ಕೆ ಅಡ್ಡಿಯಿಲ್ಲ, ಆಡಿದರೆ ಮಾತ್ರ ಕಳಂಕ. ಅವನು ನೈಟರ ವರ್ಗದವನು, ಅರುವತ್ತು ತುಂಬಿದವನು. ಕ್ರಿ. ಪೂ. ೪೬ರ ಸುಮಾರಿಗೆ, ಅಂತರ್ಯುದ್ಧದಲ್ಲಿ ಗೆದ್ದು ಬಂದ ಜೂಲಿಯಸ್ ಸೀಸರನು ತನ್ನ ಉತ್ಸವದಲ್ಲಿ ಲಬೇರಿಯಸನೇ ರಂಗಕ್ಕೆ ಬಂದು ತನ್ನ ರೂಪಕವನ್ನು ಆಡಬೇಕೆಂದು ಕೇಳಿಕೊಂಡನು. ಎದುರಾಳಿಯಾಗಿ ಪಬ್ಲಿಲಿಯಸ್ ಸೈರಸ್. ಸಿರಿಯದಿಂದ ಬಂದು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ತರುಣ. ಸರ್ವಾಧಿಕಾರಿಯ ಬಿನ್ನಹ ಅಪ್ಪಣೆಯೇ ಅಲ್ಲವೆ? ಇತರ ನಾಟಕಗಳಲ್ಲಿ ಮುಖವಾಡವಿದ್ದಿತು, ಮೈಮಿನಲ್ಲಿ ಅದೂ ಇಲ್ಲ. ಮುದುಕ ಬರಿಯ ಮುಖದಿಂದ ರೋಮಿನ ಮುಂದೆ ನಿಂತು, ಬೆಳಗ್ಗೆ ಯಾವ ಅಂತಸ್ತಿನಲ್ಲಿ ಮನೆ ಬಿಟ್ಟೆ, ಸಂಜೆ ಏನಾಗಿ ಹಿಂದಿರುಗುವೆ ಎಂಬುದನ್ನೇ ನಾಂದಿಯಾಗಿ ಹೇಳಿಕೊಂಡನು. ಮುಂದೆ ಚಾವಟಿಯ ಏಟು ತಿನ್ನುವ ಸಿರಿಯದ ಗುಲಾಮನ ವೇಷದಲ್ಲಿ ಬಂದು, ಸ್ವಾತಂತ್ರ್ಯ ಹೋಯಿತೆಂದು ಕೂಗಿಕೊಂಡನು. ಬಹುಮಂದಿಯನ್ನು ಹೆದರಿಸುವವನು ಬಹುಮಂದಿಗೆ ಹೆದರಲೂ ಬೇಕಾದೀತೆಂಬ ಅರ್ಥದ ಮಾತೊಂದು ಬಂದಾಗ, ನೆರೆದವರ ಮುಖಗಳೆಲ್ಲ ಒಟ್ಟಿಗೆ ಸೀಸರನ ಕಡೆಗೆ ತಿರುಗಿದುವು.

ಸೀಸರ್ ಬಹುಮಾನವನ್ನು ಸೈರಸನಿಗಿತ್ತನು. ಲಬೇರಿಯಸನಿಗೆ ಐದು ಲಕ್ಷ ಸೆಸ್ಟರ್ಸ್ ಹಣವನ್ನೂ ಚಿನ್ನದ ಉಂಗುರವನ್ನೂ ಕೊಟ್ಟು, ಹೋದ ಅಂತಸ್ತನ್ನು ಮರಳಿಸಿದನು. ಸ್ಕೈನದಿಂದ ಇಳಿದು, ಸೆನೆಟರು ಕುಳಿತ ಮುಂಗಣವನ್ನು ದಾಟಿ, ನೈಟರಿಗೆ ಮೀಸಲಾದ ಹದಿನಾಲ್ಕು ಸಾಲುಗಳಲ್ಲಿ ತನ್ನ ಜಾಗಕ್ಕೆ ಅವನು ನಡೆದುಹೋಗಬೇಕಾಗಿತ್ತು. ನಡುದಾರಿಯಲ್ಲಿ ಸಿಸೆರೋ, ತನಗೇ ಇಕ್ಕಟ್ಟಾಗಿರದಿದ್ದರೆ ಪಕ್ಕದಲ್ಲಿ ಜಾಗ ಕೊಡುತ್ತಿದ್ದೆನೆಂದು ಹಾಸ್ಯಮಾಡಿದನು. ಸೀಸರನು ಸೆನೆಟಿಗೆ ತುಂಬಿಸಿದ ಹೊಸಬರನ್ನು ಕುರಿತ ಚುಚ್ಚುಮಾತದು. ಎರಡು ಪೀಠಗಳ ಮೇಲೆ ಕೂರುವ ಅಭ್ಯಾಸವುಳ್ಳವನಿಗೂ ಇಕ್ಕಟ್ಟೇ ಎಂದು ಲಬೇರಿಯಸ್ ಮರುನುಡಿದನು. ಪಾಂಪೆ, ಸೀಸರರಿಬ್ಬರ ದೋಣಿಗಳಲ್ಲಿಯೂ ಕಾಲಿಟ್ಟಿದ್ದ ಸಿಸೆರೋನಿಗೆ ಅದು ನಾಟದಿರಲಿಲ್ಲ. ಹದಿನಾಲ್ಕು ಸಾಲುಗಳಲ್ಲಾದರೋ, ನಿನ್ನೆಯವರೆಗೆ ಜೊತೆಗೆ ಕೂರುತ್ತಿದ್ದ ನೈಟರು ಒಬ್ಬರಿಗೊಬ್ಬರು ಒತ್ತಿಕೊಂಡು ಅವನಿಗೆ ಜಾಗವಿಲ್ಲದಂತೆ ಮಾಡಿದರು.

ಸೀಸರನ ಕೊಲೆಯಾದುದು ಕ್ರಿ. ಪೂ. ೪೪ರಲ್ಲಿ, ಪಾಂಪೆಯ ರಂಗಮಂದಿರಕ್ಕೆ ಸೇರಿದ ಸಭಾಭವನದಲ್ಲಿ. ಆ ಮೇಲೆ ಹತ್ತನೆಯ ತಿಂಗಳಿನಲ್ಲಿ ಲಬೇರಿಯಸನೂ ತೀರಿಕೊಂಡನು.

ಶಾಸನ ಮಾತ್ರ ಅವರೆಲ್ಲರಿಗಿಂತ ದೀರ್ಘಾಯುವಾಯಿತು. ಸೆನೆಟರ ಮನೆತನದವರು ನಟಿಯರನ್ನು ಮದುವೆಯಾಗಬಾರದೆಂದು ಆಗಸ್ಟಸ್ ಕ್ರಿ. ಪೂ. ೧೮ರಲ್ಲಿ ವಿಧಿಸಿದ ಕಟ್ಟಳೆ ಐನೂರು ವರ್ಷಗಳಾಚೆಗೂ ಜೀವಂತವಾಗಿದ್ದಿತು. ಕಾನ್‌ಸ್ಟಾಂಟಿನೋಪಲಿನ ರಾಜಕುವರ ಜಸ್ಟಿನಿಯನನು, ಹಿಂದೆ ರಂಗದ ಮೇಲೆ ಕುಣಿದಿದ್ದ ಥಿಯೊಡೋರಳನ್ನು ವರಿಸಬಯಸಿದಾಗ, ಅವನ ಸೋದರಮಾವನಾದ ಚಕ್ರವರ್ತಿ ಜಸ್ಟಿನನು, ರಂಗವನ್ನು ಬಿಟ್ಟು ಬಂದ ಹೆಂಗಸರಿಗೆ ಮದುವೆಯ ತಡೆಯನ್ನು ತೆಗೆಯುವ ಹೊಸ ಕಾನೂನನ್ನೇ ಹೊರಡಿಸಬೇಕಾಯಿತು. ೫೨೭ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯಾದನು, ಥಿಯೊಡೋರ ಸಾಮ್ರಾಜ್ಞಿಯಾದಳು. ರೋಮಿನ ಹಳೆಯ ನ್ಯಾಯಶಾಸ್ತ್ರವನ್ನೆಲ್ಲ ಜರಡಿ ಹಿಡಿದು ‘ಡೈಜೆಸ್ಟ್’ ಎಂಬ ಮಹಾಗ್ರಂಥವನ್ನು ಮಾಡಿಸಿ ಅವನು ೫೩೩ರಲ್ಲಿ ಪ್ರಕಟಿಸಿದನು. ಬೇಡವಾದುದನ್ನು ಬಿಡುವ, ತಿದ್ದುವ ಅಧಿಕಾರ ಸಂಗ್ರಹಕಾರರಿಗಿದ್ದಿತು. ಆದರೂ ಅದರ ಮೂರನೆಯ ಭಾಗದಲ್ಲಿ, ಅಪಕೀರ್ತರ ಪಟ್ಟಿಯ ನಡುವೆ, ಸ್ಕೈನವೆಂದರೇನೆಂಬ ಲಾಬಿಯೊನ ಉತ್ತರ ಹಾಗೆಯೇ ಉಳಿದುಕೊಂಡಿದೆ. ಗ್ರಂಥಕ್ಕೆ ಚಕ್ರವರ್ತಿಯ ಅಂಕಿತ ಬಿದ್ದ ದಿನ ಥಿಯೊಡೋರ ಆರು ವರ್ಷಗಳಿಂದ ಸಿಂಹಾಸನದ ಮೇಲಿದ್ದಳು.