ಚಳಿಗಾಲದ ವೆನಿಸ್ಸಿನಲ್ಲಿ ಒಂದು ಹಗಲು

ಇಟಲಿಯ ಪಾದುವಾ ಪಟ್ಟಣದಿಂದ ವೆನಿಸ್ ನಗರಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗಲು ಇಷ್ಟು ಅನುಕೂಲವಾದ ಪ್ರಸಿದ್ಧ ನಗರಗಳು ಯುರೋಪಿನಲ್ಲಿ ಹೆಚ್ಚಿಲ್ಲ. ಈ ಅನುಕೂಲವೇ ತಮ್ಮೂರಿಗೆ ಕಂಟಕವಾಗಿದೆಯೆಂದು ಅಲ್ಲಿಯ ನಿವಾಸಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಬೇಸಿಗೆಯಲ್ಲಿ ಹೋದವರಿಗೆ ಆ ಮಾತಿನ ಅರ್ಥ ಜನಜಂಗುಳಿಯ ನಡುವೆ ತಾನಾಗಿಯೇ ತಿಳಿಯುತ್ತದೆ. ಆದರೆ ಕ್ರಿಸ್‌ಮಸ್ ರಜೆಯ ಗದ್ದಲ ಅಡಗಿ, ಕಾರ್ನಿವಲ್ ಹಬ್ಬದ ಮುಖವಾಡಗಳು ಇನ್ನೂ ಬೀದಿಗಿಳಿಯದ ಜನವರಿಯ ಕೆಲವು ವಾರಗಳಲ್ಲಿ ಹೋದವರಿಗೆ ಬೇರೊಂದು ವೆನಿಸ್ ಕಾಣಸಿಗುತ್ತದೆ. ಉಣ್ಣೆಯ ಕೋಟು, ನೀರು ಒಳಹೋಗದ ಬೂಟು, ಇವೆರಡಿದ್ದರೆ ಹೊರಡಬಹುದು.

ನೆಲದ ಮೇಲಿನ ಕೊನೆಯ ದೊಡ್ಡ ನಿಲ್ದಾಣ ಮೆಸ್ತ್ರೆ. ಅದನ್ನು ಬಿಟ್ಟ ಕೆಲವೇ ನಿಮಿಷಗಳಲ್ಲಿ ರೈಲು ನೀರಿನ ಮೇಲೆ ಸಾಗತೊಡಗುತ್ತದೆ. ಇದು ತೆರೆದ ಕಡಲಲ್ಲ. ಕಡಲಿಗೂ ನೆಲಕ್ಕೂ ನಡುವೆ ಮರಳದಿಣ್ಣೆಗಳ ಆಸರೆಯಲ್ಲಿ ನಿಂತಿರುವ, ಆಳವಿಲ್ಲದ ಉಪ್ಪುನೀರಿನ ವಿಸ್ತಾರ. ಚಳಿಗಾಲದ ಮುಂಜಾನೆ ಇಲ್ಲಿ ಕವಿಯುವ ಮಂಜು ಬಹು ದಟ್ಟವಾದುದು. ಕಿಟಕಿಯ ಹೊರಗೆ ನೀರೂ ಇಲ್ಲ, ಆಕಾಶವೂ ಇಲ್ಲ. ಎರಡೂ ಒಂದೇ ಬೂದುಬಣ್ಣದ ತೆರೆಯಾಗಿ, ರೈಲು ಶೂನ್ಯದಲ್ಲಿ ಚಲಿಸುವಂತೆ ಭಾಸವಾಗುತ್ತದೆ. 222 ಕಮಾನುಗಳ ಈ ಸೇತುವೆ 1846ರಲ್ಲಿ ತೆರೆಯಿತು. ಅದಕ್ಕೆ ಮುಂಚೆ ಸಾವಿರ ವರ್ಷಗಳ ಕಾಲ ವೆನಿಸ್ಸಿಗೆ ದೋಣಿಯ ಹೊರತು ಬೇರೆ ದಾರಿಯಿರಲಿಲ್ಲ. ಶತ್ರುಗಳಿಂದ ಊರನ್ನು ಕಾಯುತ್ತಿದ್ದುದೂ ಆ ನೀರೇ. ಪಕ್ಕದಲ್ಲಿ ಮೋಟಾರುಗಳ ಸೇತುವೆ ಬಂದದ್ದು 1933ರಲ್ಲಿ.

ಸಾಂತಾ ಲೂಚಿಯಾ ನಿಲ್ದಾಣದ ಬಾಗಿಲು ದಾಟಿದೊಡನೆ ಮೆಟ್ಟಿಲು, ಮೆಟ್ಟಿಲಿನ ಕೆಳಗೆ ಮಹಾಕಾಲುವೆ. ಮೊದಲು ಗಮನ ಸೆಳೆಯುವುದು ಕಣ್ಣಿಗೆ ಕಾಣುವುದಲ್ಲ, ಕಿವಿಗೆ ಕೇಳದಿರುವುದು. ಮೋಟಾರಿಲ್ಲ, ಬಸ್ಸಿಲ್ಲ, ಸೈಕಲ್ಲಿನ ಗಂಟೆಯೂ ಇಲ್ಲ. ಮಂಜಿನಲ್ಲಿ ಯಾರದೋ ಹೆಜ್ಜೆಯ ಸಪ್ಪಳ ಹತ್ತಿರ ಬಂದು ಸೇತುವೆಯ ಮೆಟ್ಟಿಲೇರಿ ಮರೆಯಾಗುತ್ತದೆ. ಆ ವ್ಯಕ್ತಿ ಮಾತ್ರ ಕಾಣಿಸುವುದೇ ಇಲ್ಲ.

ಇಲ್ಲಿಂದ ಸಾರ್ವಜನಿಕ ದೋಣಿಯೇರಿ, ಕಾಲುವೆಯ ಇಕ್ಕೆಲದ ಅರಮನೆಗಳನ್ನು ನೋಡುತ್ತ ಸಂತ ಮಾರ್ಕನ ಚೌಕಕ್ಕೆ ಹೋಗುವುದು ವಾಡಿಕೆ. ಹಗಲು ಚಿಕ್ಕದಾದ ಈ ಋತುವಿನಲ್ಲಿ ಹೋಗುವಾಗ ನಡೆದೇ ಹೋಗುವುದು ಲೇಸು. ದಾರಿ ತಪ್ಪುವುದಂತೂ ಖಂಡಿತ. ಮನೆಗಳ ಸಂಖ್ಯೆಗಳನ್ನು ಬೀದಿಗನುಸಾರವಾಗಿ ಹಾಕಿಲ್ಲ. ನಗರದ ಆರು ವಿಭಾಗಗಳಲ್ಲಿ ಒಂದೊಂದಕ್ಕೂ ಒಂದೇ ಸರಣಿ, ಅದು ಸಾವಿರಗಳವರೆಗೂ ಏರುತ್ತದೆ. ಇಂಥ ಊರಿನಲ್ಲಿ ಅಂಚೆಯವನ ಜ್ಞಾಪಕಶಕ್ತಿಗೆ ನಮಸ್ಕಾರ ಹೇಳಬೇಕು.

ಗಲ್ಲಿಯೊಂದು ತೆರೆದುಕೊಂಡು ಚಿಕ್ಕ ಅಂಗಳವಾದಲ್ಲೆಲ್ಲ ನಡುವೆ ಕಲ್ಲಿನಲ್ಲಿ ಕೆತ್ತಿದ ಬಾವಿಯ ಕಟ್ಟೆಯೊಂದಿರುತ್ತದೆ. ಸುತ್ತ ನೀರಿದ್ದರೂ ಕುಡಿಯಲು ಬೊಗಸೆ ನೀರಿಲ್ಲದ ಈ ಊರು ಶತಮಾನಗಳ ಕಾಲ ಮಳೆನೀರನ್ನೇ ನಂಬಿ ಬದುಕಿತು. ಅಂಗಳದ ಚಪ್ಪಡಿಗಳ ನಡುವಣ ರಂಧ್ರಗಳಿಂದ ಇಳಿದ ಮಳೆನೀರು, ಜೇಡಿಮಣ್ಣಿನಿಂದ ಭದ್ರಪಡಿಸಿದ ಹೊಂಡದಲ್ಲಿ ತುಂಬಿಸಿದ ಮರಳಿನ ಮೂಲಕ ಸೋಸಿ ಬಾವಿಗೆ ಸೇರುತ್ತಿತ್ತು. 1884ರಲ್ಲಿ ನೆಲದ ಕಡೆಯಿಂದ ಕೊಳಾಯಿನೀರು ಬಂದ ಮೇಲೆ ಬಾವಿಗಳಿಗೆ ಮುಚ್ಚಳ ಬಿದ್ದಿತು. ಚಳಿಗಾಲದಲ್ಲಿ ಆ ಕಟ್ಟೆಯ ಮೇಲೆ ಶಾಲೆಯ ಮಕ್ಕಳ ಚೀಲಗಳಿರುತ್ತವೆ. ಮಕ್ಕಳು ಪಕ್ಕದಲ್ಲಿ ಚೆಂಡು ಒದೆಯುತ್ತಿರುತ್ತಾರೆ. ಬೇಸಿಗೆಯ ಸಂದಣಿಯಲ್ಲಿ ಈ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಊರಿನ ದೈನಂದಿನ ಬದುಕು ಕಾಣುವುದೂ ಈ ಕಾಲದಲ್ಲಿಯೇ. ಹಾಲು, ಇಟ್ಟಿಗೆ, ಬೀರು, ಬಟ್ಟೆಯ ಗಂಟು, ಎಲ್ಲವೂ ದೋಣಿಯಲ್ಲಿ ಬಂದು, ಸೇತುವೆಯ ಮೆಟ್ಟಿಲೇರಲೆಂದೇ ಮಾಡಿದ ಕೈಗಾಡಿಗಳಲ್ಲಿ ಮನೆ ಸೇರುತ್ತವೆ. ಕಸ ಒಯ್ಯುವುದೂ ದೋಣಿ, ಬೆಂಕಿ ಆರಿಸುವುದೂ ದೋಣಿ. ಅಮೃತಶಿಲೆಯ ಮುಖಮಂಟಪವಿರುವ ಹಳೆಯ ಧರ್ಮಸಂಘದ ಭವನವೊಂದು ಈಗ ಸರಕಾರಿ ಆಸ್ಪತ್ರೆಯ ಹೆಬ್ಬಾಗಿಲು. ಅದರ ಹಿಂಬದಿಯ ದಡಕ್ಕೆ ರೋಗಿಗಳ ದೋಣಿ ಬಂದು ನಿಲ್ಲುತ್ತದೆ. ಅಲ್ಲಿಂದ ನೀರಿನಾಚೆ ದೃಷ್ಟಿ ಹಾಯಿಸಿದರೆ, ಸೈಪ್ರೆಸ್ ಮರಗಳ ನಡುವೆ ಸಾನ್ ಮಿಕೇಲೆ ದ್ವೀಪದ ಸ್ಮಶಾನ. ಚಿಕಿತ್ಸೆಗೆ ಬಂದವರಿಗೆ ಈ ನೋಟ ಎಷ್ಟು ಧೈರ್ಯ ಕೊಡುವುದೋ ಹೇಳಲಾಗದು!

ಮಧ್ಯಾಹ್ನದ ಹೊತ್ತಿಗೆ ರಿಯಾಲ್ಟೊ ತಲುಪಬಹುದು. 1591ರಲ್ಲಿ ಮುಗಿದ ಕಲ್ಲಿನ ಸೇತುವೆ, ಅದರಾಚೆ ತರಕಾರಿ ಮತ್ತು ಮೀನಿನ ಮಾರುಕಟ್ಟೆ. ಚಳಿಗಾಲದಲ್ಲಿ ಅಂಗಡಿಗಳ ಮುಂದೆ ಬಿಳಿಯ ದಂಟಿನ, ಕಡುಗೆಂಪು ಎಲೆಯ ರಾದಿಕ್ಕಿಯೊ ಎಂಬ ಸೊಪ್ಪನ್ನು ಹೂವಿನಂತೆ ಜೋಡಿಸಿಟ್ಟಿರುತ್ತಾರೆ. ಕಾರ್ನಿವಲ್ಲಿನ ದಿನಗಳು ಹತ್ತಿರವಾದಂತೆ ಮಿಠಾಯಿ ಅಂಗಡಿಗಳಲ್ಲಿ, ಒಣದ್ರಾಕ್ಷಿ ಸೇರಿಸಿ ಎಣ್ಣೆಯಲ್ಲಿ ಕರಿದು ಸಕ್ಕರೆ ಉದುರಿಸಿದ ಫ್ರಿತೊಲೆ ಎಂಬ ಉಂಡೆಗಳು ಬರುತ್ತವೆ. ಬಿಸಿ ಕಾಫಿಯೊಡನೆ ಎರಡು ತಿಂದರೆ ಬೆರಳುಗಳ ಮರಗಟ್ಟುವಿಕೆ ಬಿಡುತ್ತದೆ.

ಸೇತುವೆಯ ಬಳಿಯ ಸಾನ್ ಬಾರ್ತೊಲೊಮಿಯೊ ಅಂಗಳದಲ್ಲಿ ಒಂದು ಔಷಧದ ಅಂಗಡಿಯಿದೆ. ಪ್ರವಾಸಿಗಳು ಬಹುಮಟ್ಟಿಗೆ ಅದನ್ನು ನೋಡದೆಯೇ ಮುಂದೆ ಸಾಗುತ್ತಾರೆ. 2008ರಲ್ಲಿ ಅದರ ಕಿಟಕಿಯಲ್ಲಿ ಒಂದು ಸಂಖ್ಯಾಫಲಕವನ್ನಿಟ್ಟರು. ಹಳೆಯ ವೆನಿಸ್ಸಿನಲ್ಲಿ ಇನ್ನು ಎಷ್ಟು ಮಂದಿ ವಾಸವಾಗಿದ್ದಾರೆಂಬುದನ್ನು ತೋರಿಸುವ ಫಲಕವದು. 1951ರಲ್ಲಿ ಆ ದ್ವೀಪಗಳ ಮೇಲೆ ಸುಮಾರು 1,75,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮರುವರ್ಷ ನಾಗರಿಕರ ಸಂಘವೊಂದು ಲೆಕ್ಕ ಹಾಕಿ, ಪ್ರವಾಸಿಗಳಿಗಾಗಿ ಹಾಸಿದ ಹಾಸಿಗೆಗಳು ನಿವಾಸಿಗಳ ಸಂಖ್ಯೆಯನ್ನು ಮೀರಿವೆಯೆಂದು ಸಾರಿತು. ಮನೆಯೊಡೆಯನಿಗೆ ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆ ಲಾಭಕರ. ಮಕ್ಕಳೊಂದಿಗರಾದ ಸಂಸಾರಗಳು ಮೆಸ್ತ್ರೆಗೆ ಗಂಟುಮೂಟೆ ಕಟ್ಟಿದವು. ಅವರು ಹೋದಂತೆ ದಿನಸಿ ಅಂಗಡಿಗಳು ಹೋಗಿ ಅವುಗಳ ಜಾಗದಲ್ಲಿ ಮುಖವಾಡದ ಅಂಗಡಿಗಳು ಬಂದವು. ಚಳಿಗಾಲದ ಸಂಜೆ ತಲೆಯೆತ್ತಿ ನೋಡಿದರೆ, ಮೇಲಂತಸ್ತಿನಲ್ಲಿ ಒಂದು ಕಿಟಕಿಗೆ ಬೆಳಕಿದೆ. ಅದರ ಪಕ್ಕದ ಕಿಟಕಿಗಳೆಲ್ಲ ಕತ್ತಲು.

ವೆನಿಸ್ಸಿನ ವರ್ತಕರಿಗೆ ನಿರ್ಜನವಾದ ನಗರದ ಪರಿಚಯ ಹಿಂದೆಯೂ ಆಗಿತ್ತು, ಅದೂ ಕರ್ನಾಟಕದ ನೆಲದಲ್ಲಿ. ಇದೇ ಹಿನ್ನೀರಿನ ದಕ್ಷಿಣ ತುದಿಯ ಕ್ಯೊಜ್ಜಾ ಊರಿನ ನಿಕೊಲೊ ಕೊಂತಿ ಸುಮಾರು 1420ರಲ್ಲಿ ವಿಜಯನಗರವನ್ನು ಕಂಡು, ಅದರ ಸುತ್ತಳತೆ ಅರವತ್ತು ಮೈಲಿಯೆಂದು ಬೆರಗಿನಿಂದ ಹೇಳಿದ್ದು ಚರಿತ್ರೆ ಓದಿದವರಿಗೆಲ್ಲ ಗೊತ್ತು. ಅವನ ತರುವಾಯ, ವೆನಿಸ್ಸಿನಿಂದ ಹೊರಟ ವರ್ತಕ ಚೇಸರೆ ಫೆದೆರಿಚಿ (ಚರಿತ್ರೆಯ ಪುಸ್ತಕಗಳ ಸೀಸರ್ ಫ್ರೆಡರಿಕ್) 1567ರಲ್ಲಿ, ಎಂದರೆ ತಾಳಿಕೋಟೆಯ ಯುದ್ಧವಾದ ಎರಡು ವರ್ಷಕ್ಕೆ, ಅದೇ ನಗರದಲ್ಲಿ ಏಳು ತಿಂಗಳು ತಂಗಿದನು. ಮನೆಗಳು ಪೂರ್ತಿ ನಾಶವಾಗಿಲ್ಲ, ಹಾಗೆಯೇ ನಿಂತಿವೆ, ಆದರೆ ಒಳಗೆ ಜನರಿಲ್ಲವೆಂದು ಅವನು ಬರೆದಿಟ್ಟನು. ಆ ಗ್ರಂಥ 1587ರಲ್ಲಿ ಅಚ್ಚಾದದ್ದು ವೆನಿಸ್ಸಿನಲ್ಲಿ. ವಿಜಯನಗರವನ್ನು ಬರಿದುಮಾಡಿದ್ದು ಕತ್ತಿ. ವೆನಿಸ್ಸಿಗೆ ಬರುವವರು ಯಾರೂ ಕತ್ತಿ ಹಿಡಿದು ಬರುವುದಿಲ್ಲ.

ಸಂತ ಮಾರ್ಕನ ಚೌಕಕ್ಕೆ ಬರುವಷ್ಟರಲ್ಲಿ ಮಂಜು ಸ್ವಲ್ಪ ಹರಿದಿರುತ್ತದೆ. ಬಸಿಲಿಕಾದ ಗುಮ್ಮಟಗಳು ಒಂದೊಂದಾಗಿ ಹೊರಬೀಳುತ್ತವೆ. ಬಾಗಿಲಿನ ಮೇಲಿನ ನಾಲ್ಕು ಕುದುರೆಗಳು 1204ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಿಂದ ಸೂರೆಯಾಗಿ ಬಂದವುಗಳ ಪ್ರತಿಗಳು; ಮೂಲ ವಿಗ್ರಹಗಳನ್ನು ಒಳಗೆ ರಕ್ಷಿಸಿಟ್ಟಿದ್ದಾರೆ. ಅವುಗಳನ್ನು 1797ರಲ್ಲಿ ನೆಪೋಲಿಯನ್ ಪ್ಯಾರಿಸ್ಸಿಗೆ ಸಾಗಿಸಿದ್ದನು, 1815ರಲ್ಲಿ ಹಿಂದಿರುಗಿದವು. ಕದ್ದ ಮಾಲು ಕಳವಾದುದಕ್ಕೆ ವೆನಿಸ್ಸಿನವರು ಬಹಳ ನೊಂದುಕೊಂಡರೆಂಬುದು ಸೋಜಿಗವೇ ಸರಿ. ಎದುರಿನ ಗಂಟೆಗೋಪುರ 1902ರ ಜುಲೈ 14ರಂದು ಕುಸಿದು ಬಿದ್ದು, 1912ರಲ್ಲಿ ಹಿಂದಿದ್ದಂತೆಯೇ ಮತ್ತೆ ಎದ್ದುನಿಂತಿತು. ಆ ದುರಂತದಲ್ಲಿ ಸತ್ತದ್ದು ಕಾವಲುಗಾರನ ಬೆಕ್ಕೊಂದೇ.

ಈ ಚೌಕ ಊರಿನ ಅತಿ ತಗ್ಗಿನ ಜಾಗಗಳಲ್ಲೊಂದು. ಶರತ್ಕಾಲ, ಚಳಿಗಾಲಗಳಲ್ಲಿ ಉಬ್ಬರದ ಹೊತ್ತಿಗೆ ಆಗ್ನೇಯದ ಗಾಳಿ ಬೀಸಿದರೆ ಏಡ್ರಿಯಾಟಿಕ್ ಕಡಲಿನ ನೀರು ಹಿನ್ನೀರಿನೊಳಕ್ಕೆ ನುಗ್ಗುತ್ತದೆ. 1966ರ ನವೆಂಬರ್ 4ರಂದು ಅದು 194 ಸೆಂಟಿಮೀಟರಿಗೆ ಏರಿತು. ಕೆಳ ಅಂತಸ್ತಿನ ಮನೆಗಳು ಹಾಳಾಗಿ, ಅಲ್ಲಿದ್ದವರಲ್ಲಿ ಅನೇಕರು ಊರನ್ನೇ ಬಿಟ್ಟರು. 2019ರ ನವೆಂಬರ್ 12ರ ರಾತ್ರಿ ಮತ್ತೆ 187 ಸೆಂಟಿಮೀಟರು. ಅಪರಾಧ ಕಡಲಿನದಷ್ಟೇ ಅಲ್ಲ. ಎದುರು ದಡದ ಮಾರ್ಗೇರಾದ ಕಾರ್ಖಾನೆಗಳಿಗಾಗಿ ನೆಲದಡಿಯ ನೀರನ್ನು ಎತ್ತಿದ್ದರಿಂದ ಊರೇ ಕೆಲವು ಅಂಗುಲ ತಗ್ಗಿತು. 1970ರ ದಶಕದಲ್ಲಿ ಅದನ್ನು ನಿಲ್ಲಿಸಿದರು; ತಗ್ಗಿದ ನೆಲ ಪೂರ್ತಿಯಾಗಿ ಮೇಲೇಳಲಿಲ್ಲ.

ಈಗ ಕಡಲಿನ ಮೂರು ಬಾಯಿಗಳಲ್ಲಿ 78 ಉಕ್ಕಿನ ಕದಗಳಿವೆ. ಸಾಮಾನ್ಯ ದಿನಗಳಲ್ಲಿ ಹೊಟ್ಟೆಯ ತುಂಬ ನೀರು ತುಂಬಿಕೊಂಡು ಅವು ತಳದಲ್ಲಿ ಮಲಗಿರುತ್ತವೆ. ದೊಡ್ಡ ಉಬ್ಬರದ ಮುನ್ಸೂಚನೆ ಬಂದರೆ ಗಾಳಿಯನ್ನೊತ್ತಿ ನೀರನ್ನು ಹೊರದೂಡುತ್ತಾರೆ. ಕದಗಳು ಹಗುರವಾಗಿ ತೇಲಿ ಎದ್ದು ಕಡಲಿಗೆ ಗೋಡೆಯಾಗುತ್ತವೆ. 2003ರಲ್ಲಿ ಆರಂಭವಾದ ಈ ಕಾಮಗಾರಿ ಐದುನೂರು ಕೋಟಿ ಯೂರೋಗಳಿಗೂ ಮಿಕ್ಕಿ ನುಂಗಿತು. 2014ರಲ್ಲಿ ಲಂಚದ ಹಗರಣವೂ ಹೊರಬಿದ್ದಿತು. 2020ರ ಅಕ್ಟೋಬರ್ 3ರಂದು ಮೊದಲ ಸಲ ನಿಜವಾದ ಉಬ್ಬರವನ್ನು ತಡೆದಾಗ, ಸಂದೇಹಪಟ್ಟವರೂ ಒಣಗಿದ ಚೌಕವನ್ನು ನೋಡಲು ಬಂದರು. ಅದೇ ವರ್ಷದ ಡಿಸೆಂಬರ್ 8ರಂದು ಮುನ್ಸೂಚನೆ ಕಡಮೆ ಹೇಳಿದ್ದರಿಂದ ಕದ ಏಳಲಿಲ್ಲ. ಚೌಕ ಮತ್ತೆ ಮುಳುಗಿತು. ಕದಗಳನ್ನು ಎಬ್ಬಿಸದ ಚಿಕ್ಕ ಉಬ್ಬರಗಳಿಂದ ಕಾಪಾಡಲು 2022ರಲ್ಲಿ ಬಸಿಲಿಕಾದ ಸುತ್ತ ಗಾಜಿನ ಗೋಡೆ ಕಟ್ಟಿದರು. ನೀರನ್ನು ತಡೆಯುವ ಉಪಾಯ, ದುಬಾರಿಯಾದರೂ, ದೊರೆತಿದೆ. ಜನ ಊರು ಬಿಡುವುದನ್ನು ತಡೆಯುವ ಕದವನ್ನು ಯಾವ ಎಂಜಿನಿಯರೂ ಇನ್ನೂ ಮಾಡಿಲ್ಲ.

ಹಗಲಿಗೆ ಬಂದು ಹೋಗುವವರ ಮೇಲೆ ನಗರಸಭೆ 2024ರ ಏಪ್ರಿಲ್ 25ರಿಂದ 5 ಯೂರೋ ಪ್ರವೇಶಶುಲ್ಕ ಹಾಕಿತು. ಆ ವರ್ಷ 29 ದಿನ, 2025ರಲ್ಲಿ 54 ದಿನ. ರಾತ್ರಿ ತಂಗುವವರಿಗೆ ವಿನಾಯಿತಿ. ತಮ್ಮೂರಿಗೆ ಟಿಕೀಟು ಹಚ್ಚಿದರೆಂದು ನಿವಾಸಿಗಳಲ್ಲಿ ಕೆಲವರು ಬೀದಿಗಿಳಿದು ಪ್ರತಿಭಟಿಸಿದರು. ಆ ದಿನಗಳೆಲ್ಲ ಏಪ್ರಿಲಿನಿಂದ ಜುಲೈವರೆಗಿನವು. ಚಳಿಗಾಲದ ಅತಿಥಿಯನ್ನು ಯಾರೂ ಕೇಳಲಿಲ್ಲ.

ಸಂಜೆ ಹಿಂದಿರುಗುವಾಗ ಮಹಾಕಾಲುವೆಯ ದೋಣಿ ಹಿಡಿಯಬಹುದು. ಎಡಕ್ಕೆ ಸಾಂತಾ ಮರಿಯಾ ದೆಲ್ಲಾ ಸಲೂತೆಯ ಗುಮ್ಮಟ. 1630ರ ಪ್ಲೇಗಿನಲ್ಲಿ ಊರಿನ ಸುಮಾರು ಮೂರರಲ್ಲೊಂದು ಪಾಲು ಜನ ಸತ್ತರು. ಉಳಿದವರು ಹರಕೆ ಹೊತ್ತು ಕಟ್ಟಿಸಿದ ದೇವಾಲಯವಿದು. ಕೆಸರಿನಲ್ಲಿ ಹೊಡೆದಿಳಿಸಿದ ಅಸಂಖ್ಯ ಮರದ ಗೂಟಗಳ ಮೇಲೆ ನಿಂತಿದೆ. ಗಾಳಿ ತಾಗದ ಕೆಸರಿನಲ್ಲಿ ಮರ ಬೇಗ ಕೊಳೆಯದು. ಪ್ರತಿ ನವೆಂಬರ್ 21ರಂದು ಕಾಲುವೆಗೆ ಅಡ್ಡಲಾಗಿ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಅದನ್ನು ದಾಟಿ ಬಂದು ಮೋಂಬತ್ತಿ ಹಚ್ಚುವವರಲ್ಲಿ, ಮೆಸ್ತ್ರೆಗೆ ಹೋಗಿ ನೆಲೆಸಿದ ಮನೆತನಗಳವರೂ ಇರುತ್ತಾರೆ.

ಐದು ಗಂಟೆಯ ಹೊತ್ತಿಗೆ ಕತ್ತಲು. ನಿಲ್ದಾಣದಲ್ಲಿ ರೈಲು ತುಂಬಿರುತ್ತದೆ. ಅದರಲ್ಲಿ ಕ್ಯಾಮೆರಾ ತೂಗುಹಾಕಿಕೊಂಡವರು ಕೆಲವರೇ. ಉಳಿದವರು ಹೋಟೆಲಿನ ಮಾಣಿಗಳು, ಆಸ್ಪತ್ರೆಯ ದಾದಿಯರು, ಅಂಗಡಿಯ ಗುಮಾಸ್ತೆಯರು, ಉಪಾಧ್ಯಾಯರು. ಬೆಳಿಗ್ಗೆ ವೆನಿಸ್ಸಿಗೆ ಬಂದು ದಿನವಿಡೀ ದುಡಿದವರು. ಸೇತುವೆಯ ಮೇಲೆ ಅವರಲ್ಲಿ ಯಾರೂ ಕಿಟಕಿಯ ಕಡೆ ನೋಡುವುದಿಲ್ಲ. ಮೆಸ್ತ್ರೆ ಬಂದೊಡನೆ ಗಾಡಿ ಅರ್ಧದಷ್ಟು ಖಾಲಿಯಾಗುತ್ತದೆ.