ಹೆಸರಿಲ್ಲದ ಒಡವೆಗಳು

ಒಡವೆಯೆಂದರೆ ಚಿನ್ನ, ಚಿನ್ನವಲ್ಲದುದು ಒಡವೆಯ ಲೆಕ್ಕಕ್ಕೇ ಬಾರದು ಎಂಬ ಭಾವನೆ ನಮ್ಮ ಸಂಸಾರಗಳಲ್ಲಿ ಬಹುಕಾಲದಿಂದ ಬೇರೂರಿರುವುದು. ಆದರೂ ಯಾವ ಹಳೆಯ ಮನೆಯ ಪೆಟ್ಟಿಗೆಯನ್ನು ತೆರೆದು ನೋಡಿದರೂ ತಳದಲ್ಲಿ ಚಿನ್ನವಲ್ಲದ ನಾಲ್ಕು ನಗಗಳು ಇದ್ದೇ ಇರುವುವು. ಗಿಲೀಟಿನ ಅಡ್ಡಿಕೆ, ಹಿತ್ತಾಳೆಯ ಡಾಬು, ಗಾಜಿನ ಕೆಂಪು ಕೂರಿಸಿದ ಜಡೆಬಿಲ್ಲೆ, ಮುತ್ತಿನಂತೆ ತೋರುವ ಮಣಿಸರ. ಅವುಗಳ ಮೇಲೆ ಮಾಡಿದವನ ಹೆಸರಾಗಲಿ, ಊರಾಗಲಿ, ವರ್ಷವಾಗಲಿ ಕಾಣುವುದಿಲ್ಲ. ಹಬ್ಬದ ಮುಂದೆ ಮನೆ ಗುಡಿಸುವಾಗ ಅವನ್ನು ಹಳೆಯ ಪಾತ್ರೆಯವನ ತಕ್ಕಡಿಗೆ ಹಾಕುವುದೇ ರೂಢಿಯಾಗಿದೆ. ಈ ತಿಂಗಳು ಅಂಥವನ್ನು ಕುರಿತು ಬರೆಯಬೇಕೆಂದು ನಾವು ಸಂಕಲ್ಪಿಸಿದುದಕ್ಕೆ ಒಂದು ಕಾರಣವುಂಟು.

ನಮ್ಮ ಒಂಟಿಕೊಪ್ಪಲಿನ ಒಂದು ಮನೆಯಲ್ಲಿ ಹಿರಿಯ ಗೃಹಿಣಿಯೊಬ್ಬರು ಕಾಲವಾದರು. ವರ್ಷಾಂತಿಕ ಕಳೆದ ಮೇಲೆ ಮಕ್ಕಳು ಒಡವೆಗಳನ್ನು ಹಂಚಿಕೊಳ್ಳಲು ಕುಳಿತು, ಎಲ್ಲರೂ ಚಿನ್ನವೆಂದೇ ನಂಬಿದ್ದ ಕೆಂಪಿನ ಅಡ್ಡಿಕೆಯನ್ನು ತೂಕಕ್ಕೆಂದು ಅಶೋಕ ರಸ್ತೆಗೆ ಒಯ್ದರು. ಅಲ್ಲಿಯವರು ಒರೆಗಲ್ಲಿಗೆ ಹಚ್ಚಿ, ಇದು ಗಿಲೀಟು ಎಂದು ಹಿಂದಿರುಗಿಸಿದರು. ಕಡೆಯ ಎಂಟು ವರ್ಷ ಅತ್ತೆಯವರ ಆರೈಕೆ ಮಾಡಿ, ಪೆಟ್ಟಿಗೆಯ ಬೀಗದ ಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದವರು ಕಿರಿಯ ಸೊಸೆ. ಯಾರೂ ಬಾಯಿಬಿಟ್ಟು ಏನನ್ನೂ ಅನ್ನಲಿಲ್ಲ. ಆದರೆ ಮರುದಿನದಿಂದ ಆಕೆ ಬಡಿಸಿದರೆ ಊಟ, ಇಲ್ಲವಾದರೆ ಮೌನ. ಹದಿನೈದು ದಿನ ಹೀಗೆ ಕಳೆದ ಮೇಲೆ, ಒಂದು ಕಾಲದಲ್ಲಿ ನಮ್ಮ ಬಳಿ ಶಬ್ದಮಂಜರಿ ಓದಿದ್ದ ಆ ಮನೆಯ ಮೊಮ್ಮಗನು ಅಡ್ಡಿಕೆಯನ್ನು ಕರವಸ್ತ್ರದಲ್ಲಿ ಸುತ್ತಿ ನಮ್ಮಲ್ಲಿಗೆ ತಂದನು. ನಾವು ಚಿನಿವಾರರಲ್ಲ, ಆದರೆ ಹಳೆಯ ಪದಾರ್ಥಗಳ ಹುಚ್ಚು ನಮಗಿರುವುದು ಈ ಬೀದಿಗೆಲ್ಲ ತಿಳಿದ ವಿಷಯ.

ಇಂಥ ಸಂದರ್ಭವನ್ನು ಶೂದ್ರಕ ಕವಿಯು ಮೃಚ್ಛಕಟಿಕದ ಒಂಬತ್ತನೆಯ ಅಂಕದಲ್ಲಿ ತಂದಿರುವನು. ನ್ಯಾಯಸ್ಥಾನದಲ್ಲಿ ವಸಂತಸೇನೆಯ ತಾಯಿಗೆ ಒಡವೆಗಳನ್ನು ತೋರಿಸಿ, ಇವು ನಿನ್ನ ಮಗಳವೇ ಎಂದು ಕೇಳುವರು. ಹಾಗೆ ತೋರುತ್ತವೆ, ಆದರೆ ಅವೇ ಅಲ್ಲ ಎಂಬುದು ಆಕೆಯ ಉತ್ತರ. ಕಂಡ ಕೆಲಸವನ್ನು ಶಿಲ್ಪಿಗಳು ಕೈಚಳಕದಿಂದ ಹಾಗೆಯೇ ಮಾಡಬಲ್ಲರೆಂದು ಅಧಿಕರಣಿಕನೂ ಒಪ್ಪುವನು. ಹೋಲಿಕೆಯೊಂದರಿಂದಲೇ ಒಡವೆಯ ಗುರುತು ಹತ್ತದೆಂಬುದು ಇದರಿಂದ ಸ್ಪಷ್ಟ. ಗುರುತು ಹತ್ತಬೇಕಾದರೆ ಅದರ ಊನವನ್ನು ಹುಡುಕಬೇಕು.

ಹುಡುಗನಿಗೆ ನಾವು ಹೇಳಿದ ಮೊದಲ ಮಾತು: ಒಡವೆಯನ್ನು ಮಗುಚಿ ಹಾಕು. ಮುಂಭಾಗವು ನೋಡುವವರಿಗಾಗಿ ಮಾಡಿದ್ದು. ಕಾಲದ ಸಾಕ್ಷಿಯೆಲ್ಲ ಬೆನ್ನಿನಲ್ಲಿರುವುದು. ಆ ಅಡ್ಡಿಕೆಯ ಬೆನ್ನಿನಲ್ಲಿ ಕೊರಳು ತಾಗುವ ಕಡೆ ಗಿಲೀಟು ಪೂರ್ತಿಯಾಗಿ ಸವೆದು, ಕೆಳಗಿನ ಹಿತ್ತಾಳೆಯು ಬೆಣ್ಣೆಯಂತೆ ನುಣುಪಾಗಿತ್ತು. ಕೊಂಡಿಗಳ ಸಂದಿನಲ್ಲಿ ಕಿಲುಬು ಗಟ್ಟಿಯಾಗಿ ಕೂತಿತ್ತು. ಕಲ್ಲುಗಳ ಹಿಂದೆ ತುಂಬಿದ್ದ ಅರಗು ಬಿರುಕುಬಿಟ್ಟು, ಉಗುರು ತಾಗಿದರೆ ಪುಡಿಯಾಗುವಂತಿತ್ತು. ಎಡಗಡೆಯ ಮೂರನೆಯ ಹೂವಿನಲ್ಲಿ ಒಂದು ದಳ ಮುರಿದು, ಬೇರೆ ಆಕಾರದ ದಳವೊಂದನ್ನು ಸೀಸದಿಂದ ಬೆಸೆದಿದ್ದರು. ಮೋಸಗಾರರು ಹೊಸ ಪದಾರ್ಥವನ್ನು ಹಳೆಯದೆಂದು ತೋರಿಸಲು ಅದನ್ನು ದ್ರಾವಕದಲ್ಲಿ ಅದ್ದುವುದುಂಟು; ಆಗ ಎಲ್ಲ ಕಡೆಯೂ ಒಂದೇ ಸಮನಾಗಿ ಕಪ್ಪಾಗುವುದು. ನಿಜವಾದ ಸವೆತವು ಮೈ ತಾಗುವೆಡೆ, ಬೆರಳು ಹಿಡಿಯುವೆಡೆ, ಸೆರಗು ಉಜ್ಜುವೆಡೆ ಮಾತ್ರ ಇರತಕ್ಕದ್ದು. ಎಂಟು ವರ್ಷದಲ್ಲಿ, ಅದರಲ್ಲಿಯೂ ಹಾಸಿಗೆ ಹಿಡಿದ ಹಿರಿಯರ ಪೆಟ್ಟಿಗೆಯಲ್ಲಿ, ಇಂಥ ಸವೆತವು ಬಾರದು.

ಅನಂತರ ನಾವು ಮದುವೆಯ ಭಾವಚಿತ್ರವನ್ನು ತರಿಸಿದೆವು. 1964ರಲ್ಲಿ ತೆಗೆದ ಕಪ್ಪುಬಿಳುಪಿನ ಪಟ. ಅದರಲ್ಲಿ ಚಿನ್ನಕ್ಕೂ ಗಿಲೀಟಿಗೂ ಭೇದ ತಿಳಿಯದಷ್ಟೆ. ಆದರೆ ಭೂತಗನ್ನಡಿ ಹಿಡಿದಾಗ ಎಡಗಡೆಯ ಮೂರನೆಯ ಹೂವಿನ ಆ ವಿಕಾರವಾದ ದಳವು ಆಗಲೇ ಅಲ್ಲಿ ಇದ್ದಿತು! ಮದುಮಗಳ ಕೊರಳಿನಲ್ಲಿದ್ದುದು ಇದೇ ಅಡ್ಡಿಕೆ. ಆಗಿನ ಕಾಲವನ್ನೂ ನೆನೆಯಬೇಕು. ಚೀನಾ ಯುದ್ಧವಾದ ಮೇಲೆ 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂದು, 14 ಕ್ಯಾರಟ್ಟಿಗಿಂತ ಮೇಲಾದ ಹೊಸ ಒಡವೆಗಳನ್ನು ಮಾಡಕೂಡದೆಂದು ವಿಧಿಸಿದರು. ಎಷ್ಟೋ ಅಕ್ಕಸಾಲಿಗರ ಕುಲುಮೆಗಳು ಆರಿದವು. ಆ ನಿಯಮವು ಮುಂದೆ ಸಡಿಲವಾದರೂ 1968ರ ಕಾಯಿದೆಯು 1990ರವರೆಗೂ ನಡೆಯಿತು. ಮದುಮಗಳ ತಂದೆ ನಿಯಮಕ್ಕೆ ಅಂಜಿ ಹಳೆಯ ಗಿಲೀಟನ್ನು ಕೊಂಡರೋ, ಬಡತನಕ್ಕೆ ಅಂಜಿ ಕೊಂಡರೋ, ಆ ತಾಯಿಗೆ ಅದು ಗೊತ್ತಿತ್ತೋ ಇಲ್ಲವೋ, ಇದನ್ನು ಒಡವೆ ಹೇಳಲಾರದು. ಹಂಚಿಕೆಯಲ್ಲಿ ಅಡ್ಡಿಕೆಯನ್ನು ಕಿರಿಯ ಸೊಸೆ ತಾವಾಗಿ ಕೇಳಿ ಪಡೆದರೆಂದು ತಿಳಿಯಿತು. ಆ ಹದಿನೈದು ದಿನಗಳನ್ನು ಅವರು ಮರೆತರೇ ಎಂದು ನಾವು ವಿಚಾರಿಸಲಿಲ್ಲ.

ವಾಚಕ ಸೋದರಿಯರಲ್ಲಿ ಕೆಲವರಿಗೆ ಇನ್ನೂ ಕೆಲವು ಗುರುತುಗಳು ಬೇಕಾಗಬಹುದು. ಕಲ್ಲುಗಳು ಬಹುಮಟ್ಟಿಗೆ ಕಾಲವನ್ನು ಹೇಳುವುವು. ಥಳಥಳಿಸುವ ಗಾಜನ್ನು ವಜ್ರದಂತೆ ಕಡೆದು ಮಾರುವ ಕಲೆಗೆ ಪ್ಯಾರಿಸ್ಸಿನಲ್ಲಿ 18ನೆಯ ಶತಮಾನದ ಸ್ಟ್ರಾಸ್ ಎಂಬ ರತ್ನಕಾರನು ಹೆಸರು ಪಡೆದನು. ಬೊಹೀಮಿಯದ ಯಾಬ್ಲೊನೆಟ್ಸ್ ಪಟ್ಟಣದ ಗಾಜಿನ ಮಣಿಗಳೂ ಬಳೆಗಳೂ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದುವು. ಬೆಂಕಿಯಲ್ಲಿ ಕೃತಕ ಕೆಂಪನ್ನು ಬೆಳೆಸುವ ವಿಧಾನವನ್ನು ವೆರ್ನ್ಯೂಯಿ ಎಂಬ ಫ್ರೆಂಚ್ ರಸಾಯನಜ್ಞನು 1902ರಲ್ಲಿ ಪ್ರಕಟಿಸಿದನು. ಆದುದರಿಂದ ಕಲ್ಲು ಕೃತಕವಾದ ಮಾತ್ರಕ್ಕೆ ಒಡವೆ ಈಚಿನದಾಗಬೇಕಾಗಿಲ್ಲ. ಅಮೆರಿಕನ್ ಡೈಮಂಡ್ ಎಂದು ಕರೆಯುವ ಕಲ್ಲಾದರೋ 1976ರ ಸುಮಾರಿಗೆ ಪೇಟೆಗೆ ಬಂದುದು. ಅದನ್ನು ಕೂರಿಸಿದ ಓಲೆಯನ್ನು ಮುತ್ತಜ್ಜಿಯ ಕಾಲದ್ದೆಂದರೆ ನಂಬಲಾಗದು. ಮುತ್ತನ್ನು ಹಲ್ಲಿಗೆ ಮೆಲ್ಲನೆ ಉಜ್ಜಿದರೆ ನಿಜವಾದುದು ಸಣ್ಣ ಮರಳಿನಂತೆ ತೋರುವುದು, ಗಾಜಿನದು ಜಾರುವುದು. ರಂಧ್ರದ ಅಂಚಿನಲ್ಲಿ ಲೇಪ ಸುಲಿದಿದೆಯೇ ಎಂದು ನೋಡುವುದು ಇನ್ನೂ ಸುಲಭ.

ಅಚ್ಚಿನಲ್ಲಿ ಒತ್ತಿದ ಎಲೆಗಳು ಒಂದರಂತೆ ಒಂದು ಇರುವುವು. ಕೈಯಿಂದ ಕೆತ್ತಿದುವು ಎಂದೂ ಹಾಗಿರವು. ರೋಲ್ಡ್ ಗೋಲ್ಡಿನಲ್ಲಿ ಹಿತ್ತಾಳೆಯ ಮೇಲೆ ಚಿನ್ನದ ತಗಡನ್ನು ಬೆಸೆದು ತೆಳುವು ಮಾಡಿರುವುದರಿಂದ ಅಂಚಿನಲ್ಲಿ ಎರಡು ಬಣ್ಣದ ಗೆರೆ ಕಾಣಬಹುದು. ವಿದ್ಯುತ್ತಿನ ಗಿಲೀಟಿಗೆ ಗೆರೆಯಿಲ್ಲ. ಅದಕ್ಕೆ ಬರ್ಮಿಂಗ್ಹ್ಯಾಮಿನ ಎಲ್ಕಿಂಗ್ಟನ್ನರು ಹಕ್ಕುಪತ್ರ ಪಡೆದುದು 1840ರಲ್ಲಿ. ಒರೆಗಲ್ಲಿಗೆ ಮಾತ್ರ ಇವನ್ನು ಹಚ್ಚಬೇಡಿರಿ. ಉಳಿದ ಗಿಲೀಟೂ ಕಲ್ಲಿನ ಪಾಲಾಗುವುದು.

ಹೆಸರಿಲ್ಲವೆಂದು ಕೊರಗುವುದೂ ಅನಾವಶ್ಯಕ. ಅಮೆರಿಕದಲ್ಲಿ ಟ್ರಿಫಾರಿ ಎಂಬ ಕೃತಕಾಭರಣದ ಮನೆಯವರು 1955ರಲ್ಲಿ ವ್ಯಾಜ್ಯ ಗೆದ್ದು, ಇಂಥ ನಗವೂ ಕಲಾಕೃತಿಯೆಂದು ಸ್ಥಾಪಿಸಿದ ಮೇಲೆಯೇ ಬೆನ್ನಿನಲ್ಲಿ ಹಕ್ಕಿನ ಗುರುತು ಒತ್ತುವುದು ಬಲವಾಯಿತು. ಅದಕ್ಕೆ ಮೊದಲಿನ ಒಳ್ಳೆಯ ಕೆಲಸಗಳಲ್ಲಿ ಎಷ್ಟೋ ಅನಾಮಿಕವಾದುವೇ. ನಮ್ಮಲ್ಲಿ ಚಿನ್ನಕ್ಕೇ ಹಾಲ್‌ಮಾರ್ಕ್ ಮುದ್ರೆ ಆರಂಭವಾದುದು 2000ದಲ್ಲಿ, ಕಡ್ಡಾಯವಾಗತೊಡಗಿದುದು 2021ರಲ್ಲಿ.

ಇವನ್ನು ಸುಳ್ಳು ಒಡವೆಯೆನ್ನುವುದು ನಮಗೆ ಸರಿಬೀಳದು. ಚಿನ್ನವೆಂದು ಹೇಳಿ ಮಾರಿದವನ ಮಾತು ಸುಳ್ಳು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಬೇರೆ ಲೋಹಕ್ಕೆ ಹೊನ್ನಿನ ತಗಡು ಹೊದಿಸುವ ಅಕ್ಕಸಾಲಿಗರ ಕಪಟಗಳನ್ನು ಎಣಿಸಿರುವುದು ಅಂಥವರನ್ನು ಹಿಡಿಯಲಿಕ್ಕಾಗಿ. ಭರತಮುನಿಯ ದೃಷ್ಟಿಯೇ ಬೇರೆ. ರಂಗದ ಮೇಲೆ ಭಾರವಾದ ಆಭರಣಗಳನ್ನು ತೊಡಿಸಿದರೆ ನಟರು ಬಳಲುವರು, ಆದುದರಿಂದ ಅರಗು ತುಂಬಿ ಹಗುರವಾಗಿ ಮಾಡಿರೆಂದು ನಾಟ್ಯಶಾಸ್ತ್ರವೇ ವಿಧಿಸುವುದು. ಯಕ್ಷಗಾನದ ಭುಜಕೀರ್ತಿ ಎದೆಕಟ್ಟುಗಳನ್ನು ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಹಚ್ಚುವ ನಮ್ಮ ಕರಾವಳಿಯವರು ಈ ಮಾತನ್ನು ಕೈಯಲ್ಲಿ ನಡೆಸಿಕೊಂಡು ಬಂದಿರುವರು. ಅವರ ಕಿರೀಟವನ್ನು ಯಾರೂ ತೂಕಕ್ಕೆ ಹಾಕುವುದಿಲ್ಲವಷ್ಟೆ!

ಕಾಪಾಡುವ ಕ್ರಮವನ್ನು ಹೇಳಿ ನಿಲ್ಲಿಸುವೆವು. ಹುಣಿಸೆಹಣ್ಣು, ಅಂಟುವಾಳದ ನೀರು ಇವುಗಳ ಬಳಿಗೆ ಒಯ್ಯಬಾರದು; ಬೆನ್ನು ಮುಚ್ಚಿದ ಕುಂದಣಕ್ಕೆ ನೀರು ಇಳಿದರೆ ಒಳಗಿನ ಬೇಗಡೆ ಕಪ್ಪಾಗಿ ಕಲ್ಲು ಸತ್ತಂತಾಗುವುದು. ಒಣಗಿದ ಹಳೆಯ ಹತ್ತಿಬಟ್ಟೆಯಿಂದ ಒರಸಿದರೆ ಸಾಕು. ಹೊಸ ಗಿಲೀಟು ಹಾಕಿಸಲೇಬಾರದು; ಮೇಲೆ ವಿವರಿಸಿದ ಸಾಕ್ಷಿಯೆಲ್ಲ ಒಂದೇ ಅದ್ದಿಗೆ ಅಳಿಸಿಹೋಗುವುದು. ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಯಾರದು, ಯಾವ ಮದುವೆಯದು ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳುವುದು ಉತ್ತಮ. ನವರಾತ್ರಿಯಲ್ಲಿ ಪಟ್ಟದ ಬೊಂಬೆಗಳಿಗೆ ಇವನ್ನು ಧಾರಾಳವಾಗಿ ತೊಡಿಸಬಹುದು. ಹಸಿಯ ಮಲ್ಲಿಗೆಯನ್ನು ಮಾತ್ರ ಮೇಲೆ ಏರಿಸಬೇಡಿರಿ, ವಿಜಯದಶಮಿಯ ವೇಳೆಗೆ ಕಿಲುಬು ಹತ್ತಿರುವುದು.