ಬಿಕ್ಕಲಂ ಇಲ್ಲದ ಪತ್ರ

ಹಳೆಯ ಕ್ರಯಪತ್ರಗಳನ್ನು ಬಿಡಿಸಿ ನೋಡಿದವರಿಗೆ ತಿಳಿದಿರುವ ಸಂಗತಿ ಇದು: ಚಕ್ಕುಬಂದಿಯ ವಿವರ ಮುಗಿದು, ಬರೆದುಕೊಟ್ಟವರ ರುಜು ಬಿದ್ದು, ಸಾಕ್ಷಿಗಳ ಹೆಸರುಗಳೂ ಆದ ಮೇಲೆ, ಕಾಗದದ ಕೊನೆಯಲ್ಲಿ ‘ಬಿಕ್ಕಲಂ’ ಎಂಬ ಮಾತೊಂದು ಬರುತ್ತದೆ, ಅದರ ಮುಂದೆ ಪತ್ರವನ್ನು ಬರೆದಾತನ ಹೆಸರು. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು ಒಂದೇ ಉಸಿರಿನಲ್ಲಿ ಬರೆದು ಮುಗಿಸುತ್ತಿದ್ದ ಆ ಮಹಾಶಯ ಕಾನೂನಿನ ಪಂಡಿತನೇನೂ ಅಲ್ಲ. ಆದರೆ ಮುಂದೆಂದಾದರೂ ತಕರಾರು ಎದ್ದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತು, “ಇದನ್ನು ಬರೆದವನು ನಾನೇ; ಇಂಥವರು ಹೇಳಿ ಬರೆಸಿದರು” ಎಂದು ನುಡಿಯಬೇಕಾದವನು ಆತನೇ. ಆ ಹೆದರಿಕೆಯಿಂದಲೇ ಆತ ಲೇಖನಿಯನ್ನು ಮುಟ್ಟುವ ಮೊದಲು ಹತ್ತಾರು ಪ್ರಶ್ನೆಗಳನ್ನು ಕೇಳುತ್ತಿದ್ದ.

ಈಗ ಪ್ರಶ್ನೆಯನ್ನೇ ಕೇಳದ ಬರಹಗಾರನೊಬ್ಬ ಮನೆಮನೆಗೆ ಬಂದಿದ್ದಾನೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ದೊರೆತಂದಿನಿಂದ, ಬಾಡಿಗೆ ಕರಾರೇ ಇರಲಿ, ಲಾಯರ್ ನೋಟೀಸೇ ಇರಲಿ, ಮರಣಶಾಸನವೇ ಇರಲಿ, ಕೇಳಿದ ನಿಮಿಷದೊಳಗೆ ಅಚ್ಚುಕಟ್ಟಾಗಿ ಬರೆದು ಮುಂದಿಡುವ ಕೃತಕ ಬುದ್ಧಿಯ ಯಂತ್ರಗಳು ಒಂದರ ಹಿಂದೆ ಒಂದು ಹುಟ್ಟಿಕೊಂಡಿವೆ. ಶುಲ್ಕವಿಲ್ಲ, ಕಾಯುವ ಬೆಂಚಿಲ್ಲ, ‘ನಾಳೆ ಬನ್ನಿ’ ಎಂಬ ಮಾತಿಲ್ಲ. ಮಧ್ಯಮ ವರ್ಗದ ಸಂಸಾರಿಗೆ ಇದಕ್ಕಿಂತ ಸೊಗಸಾದ ಏರ್ಪಾಡು ಬೇರೊಂದುಂಟೆ?

ಈ ಸೊಗಸಿಗೆ ಮರುಳಾದವರಲ್ಲಿ ಸಂಸಾರಿಗಳಷ್ಟೇ ಅಲ್ಲ, ವಕೀಲರೂ ಇದ್ದಾರೆ. 2019ರಲ್ಲಿ ಎಲ್ ಸಾಲ್ವಡಾರಿನಿಂದ ನ್ಯೂಯಾರ್ಕಿಗೆ ಹೋಗುತ್ತಿದ್ದ ಏವಿಯಾಂಕಾ ವಿಮಾನದಲ್ಲಿ, ಊಟ ಹಂಚುವ ಲೋಹದ ಗಾಡಿಯೊಂದು ಪ್ರಯಾಣಿಕನೊಬ್ಬನ ಮೊಣಕಾಲಿಗೆ ಬಡಿಯಿತು. ಪೆಟ್ಟು ತಿಂದಾತ ಪರಿಹಾರ ಬೇಡಿ ದಾವೆ ಹೂಡಿದ. ಅಂತರರಾಷ್ಟ್ರೀಯ ವಿಮಾನಯಾನದ ಒಪ್ಪಂದದಂತೆ ಎರಡು ವರ್ಷಗಳ ಅವಧಿ ಮೀರಿದೆ, ದಾವೆಯನ್ನು ವಜಾ ಮಾಡಬೇಕು ಎಂಬುದು ಕಂಪನಿಯ ವಾದ. ಅದಕ್ಕೆ ಉತ್ತರವಾಗಿ ಪ್ರಯಾಣಿಕನ ಪರ ವಕೀಲರು 2023ರ ಮಾರ್ಚಿಯಲ್ಲಿ ಸಲ್ಲಿಸಿದ ಲಿಖಿತ ವಾದದಲ್ಲಿ ಹಿಂದಿನ ತೀರ್ಪುಗಳ ಉಲ್ಲೇಖಗಳು ಸಾಲಾಗಿ ನಿಂತಿದ್ದುವು. ಎದುರುಪಕ್ಷದವರು ಅವುಗಳಲ್ಲಿ ಕೆಲವನ್ನು ಎಷ್ಟು ಹುಡುಕಿದರೂ ಕಾಣಲಿಲ್ಲ. ನ್ಯಾಯಾಧೀಶರೂ ಹುಡುಕಿದರು, ಅವರಿಗೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅಂಥ ಮೊಕದ್ದಮೆಗಳು ಲೋಕದಲ್ಲಿ ನಡೆದೇ ಇರಲಿಲ್ಲ! ಮೂವತ್ತು ವರ್ಷ ಅನುಭವವುಳ್ಳ ವಕೀಲರೊಬ್ಬರು ಅವುಗಳನ್ನು ಚಾಟ್‌ಜಿಪಿಟಿಯಿಂದ ಪಡೆದಿದ್ದರು. ಸಂಶಯ ಬಂದಾಗ “ಇದು ನಿಜವಾದ ಮೊಕದ್ದಮೆಯೇ?” ಎಂದು ಯಂತ್ರವನ್ನೇ ಕೇಳಿದರು. “ಹೌದು” ಎಂದು ಯಂತ್ರ ಹೇಳಿತು. ಕಳ್ಳನ ಪರವಾಗಿ ಕಳ್ಳನದೇ ಸಾಕ್ಷಿ.

2023ರ ಜೂನ್ 22ರಂದು ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ ಅವರು 5,000 ಡಾಲರ್ ದಂಡ ವಿಧಿಸಿದರು. ಸುಳ್ಳು ತೀರ್ಪುಗಳಲ್ಲಿ ಯಾವ ಯಾವ ನ್ಯಾಯಾಧೀಶರ ಹೆಸರು ಬಂದಿತ್ತೋ ಅವರೆಲ್ಲರಿಗೂ ಪತ್ರ ಬರೆದು ತಿಳಿಸಬೇಕೆಂದೂ ಆಜ್ಞಾಪಿಸಿದರು. ನಂಬಲರ್ಹವಾದ ಕೃತಕ ಬುದ್ಧಿಯ ಉಪಕರಣವನ್ನು ಸಹಾಯಕ್ಕೆ ಬಳಸುವುದು ತಾನಾಗಿಯೇ ಅನುಚಿತವಲ್ಲವೆಂದು ಆ ಆದೇಶದಲ್ಲಿಯೇ ಇದೆ. ಪರೀಕ್ಷಿಸದೆ ಸಲ್ಲಿಸಿದ್ದು, ಪ್ರಶ್ನೆ ಬಂದ ಮೇಲೂ ಅದನ್ನೇ ಹಿಡಿದು ನಿಂತದ್ದು, ತಪ್ಪು ಅದು. ಪ್ರಯಾಣಿಕನ ದಾವೆಯೂ ಅವಧಿ ಮೀರಿದ ಕಾರಣಕ್ಕೆ ವಜಾ ಆಯಿತು. ಮೊಣಕಾಲಿನ ನೋವು ಆತನ ಪಾಲಿಗೇ ಉಳಿಯಿತು.

ಅಮೆರಿಕೆಯ ಮಾತು ಅಲ್ಲಿಗೇ ಇರಲಿ ಎನ್ನುವಂತಿಲ್ಲ. 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಲಿಯ ಬೆಂಗಳೂರು ಪೀಠ ನೀಡಿದ ಆದೇಶವೊಂದರಲ್ಲಿ ಅಸ್ತಿತ್ವದಲ್ಲಿಯೇ ಇಲ್ಲದ ತೀರ್ಪುಗಳ ಉಲ್ಲೇಖವಿದ್ದು, ಆ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. 2025ರ ಮಾರ್ಚಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ, ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಆಧರಿಸಿದ ಕೆಳ ನ್ಯಾಯಾಲಯದ ನ್ಯಾಯಾಧೀಶರೊಬ್ಬರ ಬಗ್ಗೆ ಕ್ರಮಕ್ಕೆ ಸೂಚಿಸಿತು. ಅದೇ ವರ್ಷದ ಜುಲೈಯಲ್ಲಿ ಕೇರಳದ ಉಚ್ಚ ನ್ಯಾಯಾಲಯವು ತನ್ನ ಜಿಲ್ಲಾ ನ್ಯಾಯಾಲಯಗಳಿಗೆ ನೀತಿಯೊಂದನ್ನು ರೂಪಿಸಿ, ತೀರ್ಮಾನಕ್ಕೆ ಬರುವ ಕೆಲಸದಲ್ಲಿ ಈ ಯಂತ್ರಗಳನ್ನು ಬಳಸಕೂಡದೆಂದು ವಿಧಿಸಿತು.

ಯಂತ್ರ ಬೇಕೆಂದು ಸುಳ್ಳು ಹೇಳುವುದಿಲ್ಲ. ಒಂದು ಪದದ ಮುಂದೆ ಯಾವ ಪದ ಬರುವುದು ಸಹಜ ಎಂಬುದನ್ನು ಅಪಾರವಾದ ಬರಹದಿಂದ ಕಲಿತು, ಪದಕ್ಕೆ ಪದ ಪೋಣಿಸುತ್ತ ಹೋಗುವುದು ಅದರ ಧರ್ಮ. ಕಾನೂನಿನ ಬರಹಕ್ಕೋ ಕಟ್ಟುನಿಟ್ಟಾದ ರೂಪವುಂಟು. ವಾದಿ, ಪ್ರತಿವಾದಿ, ಸಂಪುಟ, ಪುಟ, ಇಸವಿ. ಆ ರೂಪವನ್ನು ಯಂತ್ರ ಚೆನ್ನಾಗಿ ಬಲ್ಲುದು. ಒಳಗಿರುವುದು ಕಾಳೋ ಜೊಳ್ಳೋ ಅದಕ್ಕೆ ಗೊತ್ತಾಗದು. ಗ್ರಂಥಭಂಡಾರವನ್ನು ಹುಡುಕಿ ಉತ್ತರಿಸುವ ಹೊಸ ಯಂತ್ರಗಳೂ ಬಂದಿವೆ. ಅವು ಕೂಡ ಸಿಕ್ಕಿದ್ದನ್ನು ತಪ್ಪಾಗಿ ಓದುವುದುಂಟು.

ಆದರೆ ಸಂಸಾರಿಗೆ ಒದಗುವ ಅಪಾಯ ಸುಳ್ಳು ತೀರ್ಪಿನದಲ್ಲ. ಮೈಸೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ನಿವೃತ್ತ ಉಪಾಧ್ಯಾಯರು. ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗ. ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದೆ. ಹಬ್ಬಕ್ಕೆ ಬಂದ ಮಗನೊಡನೆ ತಂದೆ ಉಯಿಲಿನ ಮಾತೆತ್ತಿದರು.

“ವಕೀಲರ ಮನೆಗೆ ಅಲೆಯುವುದೇಕಪ್ಪ? ಐದು ನಿಮಿಷದಲ್ಲಿ ಆಗುತ್ತೆ, ನೀವು ಹೇಳಿ” ಎಂದು ಮಗ ಕಂಪ್ಯೂಟರ್ ತೆರೆದ.

“ಮನೆ ನಿನ್ನ ಅಮ್ಮನ ಜೀವಮಾನವಿರುವ ತನಕ ಅವಳಿಗೆ, ಆಮೇಲೆ ನಿನಗೆ. ನಿನ್ನ ತಂಗಿಗೆ ಮದುವೆಯಲ್ಲಿ ಕೊಡೋದೆಲ್ಲ ಕೊಟ್ಟಾಗಿದೆ.”

ನಿಜಕ್ಕೂ ಐದೇ ನಿಮಿಷದಲ್ಲಿ ಆಯಿತು. ‘ಸ್ಥಿರಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ’ ಎಂಬ ಮಾತಿನಿಂದ ತೊಡಗಿ, ‘ನನ್ನ ಸ್ವಯಾರ್ಜಿತ ಸ್ವತ್ತಾದ ಮನೆ’ ಎಂಬುದನ್ನು ಒಳಗೊಂಡು, ಕೆಳಗೆ ನೋಟರಿಯ ಮೊಹರಿಗೆ ಅಗಲವಾದ ಚೌಕ; ಸಾಕ್ಷಿಗೆ ಒಂದೇ ಒಂದು ಗೆರೆ.

ಆ ಗೆರೆಯಲ್ಲಿಯೇ ಉಯಿಲು ಮುಗ್ಗರಿಸಿತು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೆಯ ಪ್ರಕರಣದಂತೆ ಕನಿಷ್ಠಪಕ್ಷ ಇಬ್ಬರು ಸಾಕ್ಷಿಗಳು ರುಜು ಮಾಡತಕ್ಕದ್ದು. ಬರೆದವರು ರುಜು ಹಾಕಿದ್ದನ್ನು ಅವರು ಕಂಡಿರಬೇಕು, ಇಲ್ಲವೆ ‘ಇದು ನನ್ನ ರುಜು’ ಎಂದು ಬರೆದವರ ಬಾಯಿಂದ ಕೇಳಿರಬೇಕು. ಬರೆದವರ ಎದುರಿಗೇ ತಮ್ಮ ರುಜುವನ್ನೂ ಹಾಕಬೇಕು. ನೋಟರಿಯ ಮೊಹರು ಇದಕ್ಕೆ ಬದಲಾಗಲಾರದು. ಛಾಪಾ ಕಾಗದ ಬೇಕಿಲ್ಲ; ನೋಂದಣಿ ಐಚ್ಛಿಕ. ಯಂತ್ರ ಓದಿದ ಉಯಿಲುಗಳಲ್ಲಿ ಪರದೇಶದವೂ ಬೇಕಾದಷ್ಟಿರುವುದರಿಂದ ಅಲ್ಲಿನ ಪದ್ಧತಿ ಇಲ್ಲಿನ ಕಾಗದಕ್ಕೆ ನುಸುಳುವುದು ಅಚ್ಚರಿಯಲ್ಲ. ಬಾಡಿಗೆ ಕರಾರಿನಲ್ಲಿಯೂ ಹೀಗೆಯೇ: ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಅಧಿನಿಯಮದಂತೆ ನೋಂದಾಯಿಸಲೇಬೇಕು; ಊರಿನ ಕರಾರುಗಳೆಲ್ಲ 11 ತಿಂಗಳಿಗೆ ನಿಲ್ಲುವ ಗುಟ್ಟು ಇದೇ. ಕೇಳದಿದ್ದರೆ ಯಂತ್ರ ಅದನ್ನು ಹೇಳೀತೆಂಬ ಭರವಸೆಯಿಲ್ಲ.

ಸಾಕ್ಷಿಯ ಗೆರೆಯನ್ನಾದರೂ ತಿದ್ದಬಹುದು. ‘ಸ್ವಯಾರ್ಜಿತ’ ಎಂಬ ಆ ಒಂದು ಪದ? ಮೇಷ್ಟರು ಆ ಪದವನ್ನು ಹೇಳಿರಲಿಲ್ಲ, ಯಂತ್ರವೂ ಕೇಳಿರಲಿಲ್ಲ. ಉಯಿಲಿನಲ್ಲಿ ಸಾಮಾನ್ಯವಾಗಿ ಬರುವ ಪದವಾದ್ದರಿಂದ ಬಂದು ಕುಳಿತಿತ್ತು, ಅಷ್ಟೆ.

ಈ ಯಂತ್ರಗಳಿಂದ ಪ್ರಯೋಜನವಿಲ್ಲವೆಂದಲ್ಲ. ಫ್ಲ್ಯಾಟು ಕೊಳ್ಳುವಾಗ ಕೈಗೆ ಬರುವ ನಲವತ್ತು ಪುಟಗಳ ಇಂಗ್ಲಿಷ್ ಕರಾರಿನ ಸಾರವನ್ನು ಕನ್ನಡದಲ್ಲಿ ಕೇಳಲು, ವಕೀಲರನ್ನು ಕಾಣುವ ಮುನ್ನ ಪ್ರಶ್ನೆಗಳ ಪಟ್ಟಿ ಮಾಡಿಕೊಳ್ಳಲು ಅವು ಒಳ್ಳೆಯ ಜೊತೆ. ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಮಕ್ಕಳ ಜಗಳದ ವಿವರ ಇವನ್ನೆಲ್ಲ ಅದರ ಕಿವಿಗೆ ಹಾಕದಿರುವುದು ಕ್ಷೇಮ. ಪೆಟ್ಟಿಗೆಯ ಕೀಲಿಕೈಯನ್ನು ಸಂತೆಯಲ್ಲಿ ಯಾರೂ ತೂಗುಹಾಕುವುದಿಲ್ಲ.

ಮೈಸೂರಿನ ಮೇಷ್ಟರು ಆ ಕಾಗದವನ್ನು ಹಿಡಿದು, ಮಗನ ಗೊಣಗಾಟವನ್ನು ಲೆಕ್ಕಿಸದೆ, ಬೀದಿಯ ತುದಿಯ ಹಳೆಯ ವಕೀಲರ ಮನೆಗೆ ಹೋದರೆಂದು ಇಟ್ಟುಕೊಳ್ಳೋಣ. ವಕೀಲರು ಓದಿ, ಕನ್ನಡಕ ತೆಗೆದು, ಕೇಳಿದ್ದು ಒಂದೇ ಮಾತು:

“ಮೇಷ್ಟ್ರೆ, ಮನೆ ಕೊಳ್ಳೋದಕ್ಕೆ ಹಣ ಎಲ್ಲಿಂದ ಬಂತು?”

“ಊರಿನ ತೋಟ ಮಾರಿದ್ದು. ಅಜ್ಜನ ಕಾಲದ್ದು, ಅಣ್ಣತಮ್ಮಂದಿರು ಪಾಲಾದಾಗ ನನ್ನ ಭಾಗಕ್ಕೆ ಬಂದಿತ್ತು.”

“ಹಾಗಿದ್ದರೆ ಇದು ಸ್ವಯಾರ್ಜಿತ ಅಂತ ಬರೆಯೋ ಹಾಗಿಲ್ಲ. ಪಿತ್ರಾರ್ಜಿತದ ಹಣದ ಮನೆ. 2005ರ ತಿದ್ದುಪಡಿ ಆದ ಮೇಲೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ನಿಮ್ಮ ಪಾಲು ಎಷ್ಟೋ ಅಷ್ಟಕ್ಕೆ ಮಾತ್ರ ನೀವು ಉಯಿಲು ಬರೀಬಹುದು. ಪಾಲುಪಟ್ಟಿ ಇದೆಯೇ?”

ಮೇಷ್ಟರು ಮನೆಗೆ ಬಂದು ಅಟ್ಟದ ಟ್ರಂಕನ್ನು ಇಳಿಸಿದರು. ಹಳದಿಗಟ್ಟಿದ ಪಾಲುಪಟ್ಟಿ ಸಿಕ್ಕಿತು. ಕೊನೆಯಲ್ಲಿ ಬಿಕ್ಕಲಂ, ಊರಿನ ಶಾನುಭೋಗರ ಹೆಸರು. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, ಹುಬ್ಬಳ್ಳಿಗೆ ಫೋನು ಹಚ್ಚಿಕೊಡೆಂದು ಮಗನಿಗೆ ಹೇಳಿದರು.